ಅರ್ಧ ಬಿಲ್ಲೆ ಮತ್ತು ಬಿಳೇ ಉಸುಕು

ಸುಲಭಾ ಗಂಡ ವ್ಯಂಕಟೇಶ ಜೋಶಿ (ಗಂಡನ ಹೆಸರನ್ನು ಬಾಯಿಂದ ಹೇಳದೆ ಚೀಟಿಯಲ್ಲಿ ಬರೆದುಕೊಟ್ಟಿದ್ದು, ಅದನ್ನು ನೋಡಿ ಬರೆದುಕೊಳ್ಳಲಾಗಿದೆ), ವಯ: 51 ವರ್ಷ, ಉ: ಬಾಲಕಿಯರ ವಸತಿ ನಿಲಯದ ಮೇಲ್ವಿಚಾರಕಿ, ಸಾ: ಹಳೇ ಚಾವಡಿ ಓಣಿ, ಆಳಂದ, ಜಿ: ಗುಲಬರ್ಗಾ. ಇಂದು ದಿನಾಂಕ 16-2-1988ರಂದು ಸಂಜೆ 6-30 ಗಂಟೆಗೆ ಠಾಣೆಯಲ್ಲಿ ಹಾಜರಿದ್ದು, ಕೇಳಿದ್ದಕ್ಕೆ ಉತ್ತರವಾಗಿಯೂ ಕೇಳದೆ ಬಿಟ್ಟದ್ದನ್ನು ಸೇರಿಸಿಯೂ ಈ ಮೂಲಕ ತಿಳಿಸುವುದೇನೆಂದರೆ,

ನಾನು ಸದರಿ ನಿಲಯದಲ್ಲಿ 1979ನೇ ಇಸವಿಯಿಂದ ಕೆಲಸ ಮಾಡಿಕೊಂಡು ಇದ್ದೇನೆ. ನಿಲಯದಲ್ಲಿ ಸದ್ಯಕ್ಕೆ ನಲವತ್ತಮೂರು ಹುಡುಗಿಯರಿದ್ದು, ಎಲ್ಲರೂ ಸುತ್ತಲಿನ ಹಳ್ಳಿಯವರು, ಶಾಲೆಗೆ ಆಳಂದಕ್ಕೆ ಬಂದವರು. ಅಡಿಗೆಗೂ ಬಾಗಿಲು ಕಾಯುವುದಕ್ಕೂ ಅಜೀಜಾಬಿ ಎಂಬ ಒಬ್ಬಳೇ ಹೆಂಗಸು ಇದ್ದಾಳೆ. ಯಾವುದನ್ನೂ ಕೇಳದೆ ಬಿಡುವ ಅಭ್ಯಾಸ ನನಗಿಲ್ಲ. ಯಾರು, ಏಕೆ ಬಂದಿರಿ, ಯಾವ ಬಸ್ಸಿಗೆ ಬಂದಿರಿ, ಸೀಟು ಸಿಕ್ಕಿತೇ ಎಂದು ಕೇಳುತ್ತೇನೆ. ಇದಕ್ಕಾಗಿ ಓಣಿಯವರು ಬೆನ್ನ ಹಿಂದೆ ನನ್ನನ್ನು ಠಾಣೇದಾರಬಾಯಿ ಎಂದು ಕರೆಯುತ್ತಾರೆ. ಈ ಸಂಗತಿ ಹೇಳಿಕೆಗೆ ಬೇಕಿಲ್ಲ ಎಂದು ಬರೆದುಕೊಳ್ಳುತ್ತಿರುವ ಜಮಾದಾರರು ಅಂದರು. ಮುಂದೆ ಬೇಕಾಗುತ್ತದೆ ಎಂದು ನಾನು ಹೇಳಿದ್ದರಿಂದ ಬರೆದುಕೊಂಡಿದ್ದಾರೆ.

1986ರ ಮಾರ್ಚ್ ತಿಂಗಳಲ್ಲಿ ಏಳನೇ ತರಗತಿಯ ಒಬ್ಬ ಹುಡುಗಿಯನ್ನು ಅವಳ ಸೋದರಮಾವ ಬಂದು, ಮನೆಯಲ್ಲಿ ಪೂಜೆ ಇದೆ ಎಂದು ಹೇಳಿ ಕರೆದುಕೊಂಡು ಹೋದನು. ಹುಡುಗಿ ತಾನೇ ಓಡಿಹೋಗಿ ಮಾವನ ಕೈ ಹಿಡಿದಿದ್ದರಿಂದ ನಾನು ತಡೆಯಲಿಲ್ಲ. ಎರಡು ವಾರ ಬಿಟ್ಟು ಅವಳ ತಂದೆ ಮಗಳನ್ನು ನೋಡಲು ಕಡಲೆ ಗಂಟು ಕಟ್ಟಿಕೊಂಡು ಬಂದನು. ಪೂಜೆಯೂ ಇರಲಿಲ್ಲ, ತಂದೆಗೆ ಸುದ್ದಿಯೂ ಇರಲಿಲ್ಲ, ಹುಡುಗಿಯ ಮದುವೆ ಆಗಿಹೋಗಿತ್ತು. ಅವಳ ಟ್ರಂಕು ಈಗಲೂ ನಿಲಯದ ಅಟ್ಟದ ಮೇಲಿದೆ. ಹುಡುಗಿಯರನ್ನು ಒಯ್ಯುವವರು ಗುರುತಿಲ್ಲದವರಲ್ಲ, ಗುರುತಿದ್ದವರೇ ಎಂದು ನನಗೆ ಆಗ ತಿಳಿಯಿತು. ಹುಡುಗಿಯನ್ನು ಕರೆಸಿ "ಇವರು ನಿನಗೆ ಏನಾಗಬೇಕು" ಎಂದು ಕೇಳಿ ಕಳಿಸುವ ಪದ್ಧತಿಯನ್ನು ಅಂದಿನಿಂದ ಕೈಬಿಟ್ಟೆನು.

ನನ್ನ ಯಜಮಾನರು ತೀರಿಕೊಳ್ಳುವವರೆಗೆ ತಾಲೂಕು ಖಜಾನೆಯಲ್ಲಿ ಗುಮಾಸ್ತರಾಗಿದ್ದರು. ಖಜಾನೆಯ ಕೋಣೆಗೆ ಎರಡು ಕೀಲಿ, ಎರಡೂ ಬೇರೆ ಬೇರೆಯವರ ಹತ್ತಿರ, ಒಬ್ಬ ಎಷ್ಟೇ ಸತ್ಯವಂತನಾದರೂ ಒಬ್ಬನಿಂದ ಬಾಗಿಲು ತೆರೆಯದು ಎಂದು ಅವರು ಊಟಕ್ಕೆ ಕೂತಾಗ ಹೇಳುತ್ತಿದ್ದರು. ಕಬ್ಬಿಣದ ಪೆಟ್ಟಿಗೆಗೆ ಎರಡು ಕೀಲಿ ಇದ್ದು ಹುಡುಗಿಗೆ ಒಂದೂ ಇಲ್ಲವಲ್ಲ ಎಂದು ಅನಿಸಿದ್ದರಿಂದ, 1986ರ ಜೂನ್‌ನಿಂದ ನಿಲಯದಲ್ಲಿ ಒಂದು ನಿಯಮ ಮಾಡಿದೆನು. ಒಂದು ಕೈಯಲ್ಲಿರಬೇಕು, ಒಂದು ತಲೆಯಲ್ಲಿರಬೇಕು ಎಂಬುದೇ ನಿಯಮ.

ಕೈಯಲ್ಲಿರುವುದು ಬಿಲ್ಲೆ. ಎಣ್ಣೆ ಡಬ್ಬಿಯ ತಗಡಿನಿಂದ ರೂಪಾಯಿಗಿಂತ ಸ್ವಲ್ಪ ದೊಡ್ಡದಾಗಿ ಬಿಲ್ಲೆ ಮಾಡಿಸಿ, ಹುಡುಗಿಯ ನಂಬರು ಹೊಡೆಸಿ, ಅದನ್ನು ನಡುವೆ ಡೊಂಕುಡೊಂಕಾಗಿ ಕತ್ತರಿಸಲಾಗುತ್ತದೆ. ಅರ್ಧ ನಿಲಯದ ಹಲಗೆಯ ಮೇಲೆ, ಅರ್ಧ ಹುಡುಗಿಯ ಮನೆಯಲ್ಲಿ. ಎರಡು ಅರ್ಧಗಳು ಹಲ್ಲಿಗೆ ಹಲ್ಲು ಕೂಡಬೇಕು. ತಲೆಯಲ್ಲಿರುವುದು ಗುಟ್ಟಿನ ಪದ. ಅದನ್ನು ಮನೆಯವರೇ ಆರಿಸಿ ಹೇಳುತ್ತಾರೆ, ನಾನು ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆದು ಟ್ರಂಕಿನಲ್ಲಿ ಇಡುತ್ತೇನೆ. ಟ್ರಂಕಿನ ಕೀಲಿ ನನ್ನ ಸೊಂಟದಲ್ಲಿರುತ್ತದೆ. ಯಾರೇ ಬರಲಿ, ಬಿಲ್ಲೆ ಕೂಡಿ ಪದವೂ ಕೂಡಿದರೆ ಮಾತ್ರ ಹುಡುಗಿಯನ್ನು ಕಳಿಸುವುದು. ಬಿಲ್ಲೆ ಕದಿಯಬಹುದು, ಪದ ಕದ್ದು ಕೇಳಬಹುದು, ಎರಡನ್ನೂ ಒಬ್ಬನೇ ಮಾಡುವುದು ಕಷ್ಟ ಎಂಬುದು ನನ್ನ ಲೆಕ್ಕ.

ಅಜೀಜಾಬಿ ಇದನ್ನು ಕೇಳಿ, "ಬಾಯೋರ, ಹುಡುಗೀರ್ನ ಇಟ್ಕೊಂಡೀರೋ ನಿಜಾಮನ ಖಜಾನಾ ಇಟ್ಕೊಂಡೀರೋ" ಎಂದು ನಕ್ಕಳು. ಮೊದಲಿಗೆ ನಗುವಂತೆಯೇ ಆಯಿತು. ಪದ ಹೇಳಿ ಎಂದರೆ ಹದಿನಾರು ಮಂದಿ ಒಂದೇ ದೇವರ ಹೆಸರು ಹೇಳಿದರು. ಇಡೀ ಜಿಲ್ಲೆ ದಿನಾ ಬೆಳಿಗ್ಗೆ ಕೂಗುವ ಹೆಸರು ಗುಟ್ಟಾಗುವುದಿಲ್ಲ ಎಂದು ತಿಳಿಸಿ ಬೇರೆ ಹೇಳಿಸಿದೆನು. ಕಡಗಂಚಿಯ ಒಬ್ಬ ಗೃಹಸ್ಥ ಮರೆತುಹೋದೀತೆಂದು ಪದವನ್ನು ಬಿಲ್ಲೆಯ ಮೇಲೆಯೇ ಮೊಳೆಯಿಂದ ಕೊರೆದುಕೊಂಡು ಬಂದನು. ಅವನಿಗೆ ಬೇರೆ ಬಿಲ್ಲೆ, ಬೇರೆ ಪದ, ಜೊತೆಗೆ ಬೈಗುಳ ಕೊಟ್ಟು ಕಳಿಸಿದೆನು.

ದಿನಾಂಕ 15-6-1987ರಂದು ಬೆಳಿಗ್ಗೆ ಸರಸಂಬಾ ಗ್ರಾಮದ ಸಕ್ರೆಪ್ಪ ಎಂಬಾತನು ತನ್ನ ಹೆಂಡತಿ ಶರಣಬಸಮ್ಮ ಮತ್ತು ಮಗಳು ಮಹಾನಂದಾ, ಆಗ 13 ವರ್ಷ, ಇವರೊಂದಿಗೆ ಬಂದು ಮಗಳನ್ನು ಒಂಬತ್ತನೇ ತರಗತಿಗೆಂದು ನಿಲಯಕ್ಕೆ ಸೇರಿಸಿದನು. ಸಕ್ರೆಪ್ಪ ವಾಡಿಯ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಾನೆ, ತಿಂಗಳಿಗೊಮ್ಮೆ ಊರಿಗೆ ಬರುತ್ತಾನೆ. ಒಳ್ಳೆಯವನು, ಆದರೆ ಬಾಯಿಗೆ ಬಾಗಿಲಿಲ್ಲ. ಪದ ಕೇಳಿದಾಗ ಅವನು ನಕ್ಕು, "ಸಕ್ರಿ ಅಂತ ಬರಕೋರಿ ಅಕ್ಕೋರ, ನನ್ನ ಹೆಸರಿನಾಗಿನ ಅರ್ಧ, ಬಿಲ್ಲಿನೂ ಅರ್ಧ ಹೆಸರೂ ಅರ್ಧ" ಅಂದನು. ಶರಣಬಸಮ್ಮ ಸೆರಗು ಮುಂದಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದಳು. ಅವಳನ್ನು ನಾನು ಒಂದು ಮಾತೂ ಕೇಳಲಿಲ್ಲ. ಊರಿಗೆಲ್ಲ ಪ್ರಶ್ನೆ ಕೇಳುವವಳು ಅಂದು ಕೇಳಬೇಕಾದವಳನ್ನು ಕೇಳಲಿಲ್ಲ, ಇದು ನನ್ನ ತಪ್ಪು. ಪುಸ್ತಕದಲ್ಲಿ 31ನೇ ನಂಬರಿನ ಮುಂದೆ "ಸಕ್ರಿ" ಎಂದು ಎರಡಕ್ಷರ ಬರೆದು ಮುಚ್ಚಿದೆನು.

ದಿನಾಂಕ 12-11-1987ರಂದು ಮಧ್ಯಾಹ್ನ 4-10ಕ್ಕೆ ಶರಣಬಸಮ್ಮ ಒಬ್ಬಳೇ ನಿಲಯಕ್ಕೆ ಬಂದಳು. ತನ್ನ ತಾಯಿಗೆ, ಅಂದರೆ ಮಹಾನಂದಾಳನ್ನು ಎತ್ತಿ ಆಡಿಸಿದ ಅಜ್ಜಿಗೆ ಬಹಳ ಜಡ್ಡಾಗಿದೆ, ಮೊಮ್ಮಗಳ ಹೆಸರು ಹಿಡಿದು ಕೇಳುತ್ತಿದ್ದಾಳೆ, ಐದು ಗಂಟೆಯ ಬಸ್ಸಿಗೆ ಮಗಳನ್ನು ಕರೆದೊಯ್ಯಬೇಕು ಎಂದು ಹೇಳಿದಳು. ಬಿಲ್ಲೆ ಕೊಟ್ಟಳು, ಕೂಡಿತು. ಪದ ಕೇಳಿದೆನು. ಅವಳು ಸೆರಗು ಎಳೆದುಕೊಂಡು ಗೋಡೆಯ ಕಡೆ ನೋಡಿದಳು. ಮರೆತಿದ್ದೀಯಾ ಎಂದು ಕೇಳಿದ್ದಕ್ಕೆ, "ಮರ್ತಿಲ್ರೀ ಅಕ್ಕೋರ, ನನಗ ಹೇಳಾಕ ಬರಂಗಿಲ್ರೀ" ಅಂದಳು. ಮತ್ತೆ ಕೇಳಿದಾಗ, "ಅದಽರಿ, ಬಿಳೇ ಉಸುಕ" ಅಂದಳು. ಪುಸ್ತಕ ತೆಗೆದು ನೋಡಿದೆನು. ಬಿಳೇ ಉಸುಕು ಎಂದು ಎಲ್ಲಿಯೂ ಇರಲಿಲ್ಲ. ನಿಯಮ ಎಂದರೆ ನಿಯಮ, ಪದ ಕೂಡಲಿಲ್ಲ ಎಂದು ತಿಳಿಸಿದೆನು. ಅವಳು ಕೈ ಮುಗಿದಳು, ಆದರೆ ಆ ಎರಡಕ್ಷರ ಅವಳ ಬಾಯಿಂದ ಬರಲಿಲ್ಲ. ನನ್ನ ಮೇಜಿನಿಂದ ಬಾಗಿಲಿಗೆ ಹದಿನಾಲ್ಕು ಹೆಜ್ಜೆ ಇದ್ದು, ಅವಳು ಆ ಹದಿನಾಲ್ಕು ಹೆಜ್ಜೆಯಲ್ಲಿ ಮೂರು ಸಲ ತಿರುಗಿ ನೋಡಿದಳು. ಅಜೀಜಾಬಿ ಆಗ ಸಂತೆಗೆ ಹೋಗಿದ್ದಳು, ಅವಳಿದ್ದಿದ್ದರೆ ತಿಳಿಸಿ ಹೇಳುತ್ತಿದ್ದಳು.

ಸಂಜೆ 5-20ಕ್ಕೆ ಮಹಾನಂದಾ ಶಾಲೆಯಿಂದ ಬಂದಾಗ ವಿಷಯ ತಿಳಿಸಿ, ನಿನ್ನ ತಾಯಿ ಪದವನ್ನು ಏಕೆ ಹೇಳಲಿಲ್ಲ ಎಂದು ಕೇಳಿದೆನು. ಹುಡುಗಿ ಪಾಟಿಚೀಲ ಕೆಳಗೆ ಇಟ್ಟು, "ಅದು ಅಪ್ಪನ ಹೆಸರ್ರೀ ಅಕ್ಕೋರ, ಅವ್ವ ಹ್ಯಾಂಗ ಅಂತಾಳ್ರೀ" ಅಂದು ಅಳಲು ಹತ್ತಿದಳು. ಸಕ್ಕರೆಗೆ ಅವ್ವ ಯಾವಾಗಲೂ ಬಿಳೇ ಉಸುಕು ಅನ್ನುತ್ತಾಳೆ, ರೇಷನ್ ಅಂಗಡಿಯಲ್ಲಿಯೂ ಹಾಗೆಯೇ ಕೇಳುತ್ತಾಳೆ, ಅಂಗಡಿಯವನಿಗೂ ಗೊತ್ತು ಎಂದು ಅಳುತ್ತಲೇ ಹೇಳಿದಳು.

ಇಲ್ಲಿ ನನ್ನ ವಿಷಯ ಒಂದು ಹೇಳಬೇಕು. ಮದುವೆಯಾದಾಗಿನಿಂದ ನನ್ನ ಯಜಮಾನರ ಹೆಸರನ್ನು ನಾನು ನುಡಿದವಳಲ್ಲ. ತಿರುಪತಿಯ ದೇವರಿಗೆ ಕೈ ಮುಗಿಯುವಾಗಲೂ ಗುಡ್ಡದ ಮೇಲಿನವ ಎನ್ನುತ್ತೇನೆ. ಮೂವತ್ತೆರಡು ವರ್ಷ ಹೀಗೆ ಬಾಯಿ ಕಟ್ಟಿಕೊಂಡವಳಿಗೆ, ಎದುರಿಗೆ ನಿಂತ ಇನ್ನೊಬ್ಬಳ ಬಾಯಿ ಏಕೆ ಕಟ್ಟಿದೆ ಎಂದು ಹೊಳೆಯಲಿಲ್ಲ. ಪುಸ್ತಕ ತೆರೆದಿತ್ತು, ಬುದ್ಧಿ ಮುಚ್ಚಿತ್ತು. ಇದನ್ನು ಹೀಗೆಯೇ ಬರೆಯಿರಿ ಎಂದು ಜಮಾದಾರರಿಗೆ ಹೇಳಿದ್ದೇನೆ.

ಮರುದಿನ ಬೆಳಿಗ್ಗೆ ಮೊದಲನೆಯ ಬಸ್ಸಿಗೆ ನಾನೇ ಮಹಾನಂದಾಳನ್ನು ಕರೆದುಕೊಂಡು ಸರಸಂಬಾಕ್ಕೆ ಹೋದೆನು. ಮನೆ ಮುಟ್ಟಿದಾಗ 8-40. ಮನೆಯ ಮುಂದೆ ಮಂದಿ ಕೂತಿದ್ದರು. ಮುದುಕಿ ಬೆಳಗಿನ ಜಾವ ತೀರಿಕೊಂಡಿದ್ದಳು. ಆ ಮುದುಕಿಯ ಹೆಸರನ್ನು ಅಳುವವರ ಬಾಯಿಂದ ನಾನು ಅಂದು ಮೊದಲ ಸಲ ಕೇಳಿದೆನು. ಶರಣಬಸಮ್ಮ ನನ್ನನ್ನು ನೋಡಿ ಎದ್ದು ಹೋಗಿ ಒಂದು ಚೆರಿಗೆ ನೀರು ತಂದು ಮುಂದೆ ಇಟ್ಟಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಅಂದು ತಿರುಗಿ ಬಂದು ಪುಸ್ತಕದಲ್ಲಿ 31ರ ಮುಂದೆ ಕೆಂಪು ಮಸಿಯಿಂದ, "ತಾಯಿ ಈ ಪದ ನುಡಿಯುವುದಿಲ್ಲ, ಬಿಳೇ ಉಸುಕು ಎನ್ನುತ್ತಾಳೆ, ಎರಡೂ ನಡೆಯುತ್ತದೆ" ಎಂದು ಬರೆದೆನು. ಆಮೇಲೆ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿ, ನಿಲಯಕ್ಕೆ ಬಂದ ತಾಯಂದಿರನ್ನೆಲ್ಲ ವಿಚಾರಿಸಿದೆನು. ತಿಪ್ಪಣ್ಣನ ಹೆಂಡತಿ ತಿಪ್ಪೆಗೆ ಕಸದ ಗುಡ್ಡಿ ಎನ್ನುತ್ತಾಳೆ. ಮಲ್ಲಪ್ಪನ ಹೆಂಡತಿ ಮಲ್ಲಿಗೆ ಹೂವು ಬೇಕಾದರೆ ವಾಸನೆ ಹೂವು ಎಂದು ಕೇಳುತ್ತಾಳೆ. ಗಂಡ ಮತ್ತು ಭಾವ ಇಬ್ಬರ ಹೆಸರೂ ಸೇರಿ ಒಬ್ಬಳಿಗೆ ಸೋಮವಾರವೂ ಇಲ್ಲ ಗುರುವಾರವೂ ಇಲ್ಲ, ವಾರಕ್ಕೆ ಐದೇ ದಿನ. ಇವನ್ನೆಲ್ಲ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟಿದ್ದು, ಸಾಹೇಬರು ನೋಡಬೇಕೆಂದರೆ ತೋರಿಸಬಲ್ಲೆನು.

ಈ ದಿನ, ಅಂದರೆ 16-2-1988ರಂದು ಬೆಳಿಗ್ಗೆ 11-10ಕ್ಕೆ, ಹಸಿರು ಇಳಕಲ್ಲ ಸೀರೆ ಉಟ್ಟ ಸುಮಾರು 45 ವರ್ಷದ ಹೆಂಗಸು ನಿಲಯಕ್ಕೆ ಬಂದು, ತಾನು ಖಜೂರಿಯ ಸಾಬವ್ವ, ಸಕ್ರೆಪ್ಪನ ಅಕ್ಕ, ಮಹಾನಂದಾಳಿಗೆ ಸೋದರತ್ತೆ ಎಂದು ತಿಳಿಸಿದಳು. ಶರಣಬಸಮ್ಮನಿಗೆ ನಸುಕಿನಲ್ಲಿ ಹೊಟ್ಟೆ ನೋವು ಎದ್ದು ಗುಲಬರ್ಗಾದ ದವಾಖಾನೆಗೆ ಹಾಕಿದ್ದಾರೆ, ಮಧ್ಯಾಹ್ನ ಮೂರು ಗಂಟೆಗೆ ಆಪರೇಷನ್ನು, ಅದಕ್ಕೂ ಮುಂಚೆ ಮಗಳ ಮುಖ ನೋಡಬೇಕು ಎನ್ನುತ್ತಾಳೆ ಎಂದು ಹೇಳಿದಳು. ಸೊಂಟದ ಚೀಲದಿಂದ ಬಿಲ್ಲೆ ತೆಗೆದು ಕೊಟ್ಟಳು. ಹಲಗೆಯ ಮೇಲಿನ 31ನೇ ಅರ್ಧಕ್ಕೆ ಹಿಡಿದು ನೋಡಿದೆನು, ಹಲ್ಲಿಗೆ ಹಲ್ಲು ಕೂಡಿತು. ಪದ ಕೇಳಿದೆನು. ಅವಳು ಮೇಜಿನ ಮೇಲೆ ಬಗ್ಗಿ, "ಸಕ್ರಿ" ಅಂದಳು. ಪುಸ್ತಕ ತೆಗೆದು ನೋಡಿದೆನು, ಅದೂ ಕೂಡಿತು.

ಮೂರು ತಿಂಗಳ ಹಿಂದೆ ಇದೇ ಹುಡುಗಿಯ ತಾಯಿಯನ್ನು ಇದೇ ಮೇಜಿನಿಂದ ತಿರುಗಿ ಕಳಿಸಿದ್ದೆನು. ಈಗ ಅದೇ ತಾಯಿ ದವಾಖಾನೆಯ ಮಂಚದ ಮೇಲಿದ್ದಾಳೆ, ನಾನೇ ಮಾಡಿದ ಎರಡು ಕೀಲಿಯೂ ಸರಿಯಾಗಿ ತಿರುಗಿವೆ, ಇನ್ನು ತಡಮಾಡಿದರೆ ಪಾಪ ಎಂದು ಅನಿಸಿತು. ಶಾಲೆ ನಿಲಯದಿಂದ ಒಂದು ಫರ್ಲಾಂಗು. ಹುಡುಗಿಯನ್ನು ಕರೆದುಕೊಂಡು ಬಾ ಎಂದು ಅಜೀಜಾಬಿಗೆ ಹೇಳಿದೆನು. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟುತ್ತಿದ್ದಳು.

ಅಷ್ಟರಲ್ಲಿ, ಸಂಶಯದಿಂದಲ್ಲ, ಸುಮ್ಮನೆ ನನ್ನ ಚಾಳಿಯಿಂದ, ಶರಣಬಸಮ್ಮನಿಗೆ ಮಾತಾಡಲು ಬರುತ್ತಿತ್ತೇ, ಪದವನ್ನು ಹೇಗೆ ಹೇಳಿ ಕಳಿಸಿದಳು ಎಂದು ಕೇಳಿದೆನು. ಸಾಬವ್ವ ತಡವರಿಸದೆ, "ನಾ ಯಾಕ ಸುಳ್ಳ ಹೇಳ್ಲಿ ಅಕ್ಕೋರ, ಒಂದ ಕೈಲೆ ಹೊಟ್ಟಿ ಹಿಡಕೊಂಡು ನನ್ನ ಕಿವ್ಯಾಗ, ಯಕ್ಕಾ, ಪದಾ ಸಕ್ರಿ ಅಂತ ಅದ, ಅಂತ ಆಕೀನ ತನ್ನ ಬಾಯ್ಲೆ ಅಂದಾಳ್ರೀ" ಅಂದಳು. ಆಕೆಯೇ ಅಂದಳೇ, ಅದೇ ಮಾತು ಅಂದಳೇ ಎಂದು ಮತ್ತೆ ಕೇಳಿದೆನು. "ಹೌದ್ರೀ, ಸಕ್ರಿ, ಬ್ಯಾರೆ ಏನಂತಾರ್ರೀ ಸಕ್ರಿಗೆ" ಅಂದಳು. ಆಗ ನಾನು ಅಜೀಜಾಬಿಯನ್ನು ಕೂಗಿ ತಿರುಗಿ ಕರೆದೆನು. ಸಮಯ 11-25 ಇರಬಹುದು.

ಸಾಬವ್ವ ಸಕ್ರೆಪ್ಪನ ಅಕ್ಕ. ತಮ್ಮನ ಹೆಸರನ್ನು ತೊಟ್ಟಿಲಿನಿಂದ ಕೂಗಿದವಳು. ಆ ಪದ ತನ್ನ ನಾದಿನಿಯ ಗಂಟಲಲ್ಲಿ ಮುಳ್ಳು ಎಂಬುದು ಅವಳ ನಾಲಿಗೆಗೆ ನೆನಪಿರಲಿಲ್ಲ. ಆದರೂ ನನಗೆ ಪೂರ್ತಿ ಧೈರ್ಯವಿರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ಸಾಯುವಂಥ ನೋವಿನಲ್ಲಿ ಹೆಂಗಸು ಏನು ಹೇಳುತ್ತಾಳೋ ಯಾರು ಬಲ್ಲರು. ಹಿಂದೆ ಪದ ಹೇಳಲಿಲ್ಲ ಎಂದು ತಡೆದೆ, ಈಗ ಪದ ಹೇಳಿದಳು ಎಂದು ತಡೆಯುತ್ತಿದ್ದೇನೆ, ನನಗೆ ತಲೆ ನೆಟ್ಟಗಿದೆಯೇ ಎಂದು ನನ್ನನ್ನು ನಾನೇ ಕೇಳಿಕೊಂಡೆನು.

ಹುಡುಗಿ ಬರುವವರೆಗೆ ಚಹಾ ಕುಡಿಯಿರಿ ಎಂದು ಸಾಬವ್ವಳನ್ನು ಕೂರಿಸಿ, ಅಜೀಜಾಬಿಯನ್ನು ಅಡಿಗೆಮನೆಗೆ ಕರೆದೊಯ್ದು, ಹಿಂದಿನ ಬಾಗಿಲಿನಿಂದ ಠಾಣೆಗೆ ಹೋಗು, ಹೋಗುವಾಗ ರಸ್ತೆಯಲ್ಲಿ ಏನು ನಿಂತಿದೆ ನೋಡಿಕೊಂಡು ಹೋಗು ಎಂದು ಹೇಳಿದೆನು. ಅಜೀಜಾಬಿ ಹತ್ತು ನಿಮಿಷದಲ್ಲಿ ಅರ್ಧ ದಾರಿಯಿಂದ ಓಡಿಬಂದಳು. ನಿಲಯದ ಮೂಲೆಯಿಂದ ಅರವತ್ತು ಹೆಜ್ಜೆ ಆಚೆ, ಬೇವಿನ ಗಿಡದ ಕೆಳಗೆ ಒಂದು ಜೀಪು ನಿಂತಿದೆ, ಅದರಲ್ಲಿ ಡ್ರೈವರ್ ಅಲ್ಲದೆ ಹೊಸ ಧೋತರ ಉಟ್ಟ ಒಬ್ಬ ಗಂಡಸು ಕೂತಿದ್ದಾನೆ, ಹಿಂದಿನ ಸೀಟಿನ ಮೇಲೆ ಬುಟ್ಟಿ ಇದೆ ಎಂದು ಹೇಳಿ, "ಬಾಯೋರ, ಬುಟ್ಟ್ಯಾಗ ಬಾಸಿಂಗ ಅದಾವ. ದವಾಖಾನಿಗಿ ಬಾಸಿಂಗ ಕಟಗೊಂಡು ಯಾರ ಹೋಗ್ತಾರ್ರೀ" ಅಂದಳು. ಮದುವೆಯಲ್ಲಿ ವಧೂವರರ ಹಣೆಗೆ ಕಟ್ಟುವ ಬಾಸಿಂಗವನ್ನು ಅವಳು ಸರಿಯಾಗಿ ಗುರುತಿಸಿದ್ದಳು. ಅವಳನ್ನು ಮತ್ತೆ ಠಾಣೆಗೆ ಓಡಿಸಿದೆನು.

ಸಬ್ ಇನ್‌ಸ್ಪೆಕ್ಟರ್ ಸಾಹೇಬರು ಇಬ್ಬರು ಪೇದೆಗಳೊಂದಿಗೆ 12-15ಕ್ಕೆ ಬಂದರು. ಸಾಬವ್ವ ಅದುವರೆಗೆ ಮೂರು ಕಪ್ಪು ಚಹಾ ಕುಡಿದಿದ್ದಳು. ಜೀಪಿನಲ್ಲಿದ್ದವನು ಅವಳ ಮಗ ಅಂಬಾರಾಯ, 26 ವರ್ಷ, ಲಾರಿ ಡ್ರೈವರ್ ಎಂದು ತಿಳಿಯಿತು. ಸಾಹೇಬರು ಅದೇ ಜೀಪಿನಲ್ಲಿ ಒಬ್ಬ ಪೇದೆಯನ್ನು ಸರಸಂಬಾಕ್ಕೆ ಕಳಿಸಿ, ಶರಣಬಸಮ್ಮ ಎಲ್ಲಿದ್ದಾಳೆಂದು ತಿಳಿದುಕೊಂಡು ಬಾ ಎಂದರು. ನಮ್ಮನ್ನೆಲ್ಲ ಠಾಣೆಗೆ ಕರೆತಂದರು. ಮಧ್ಯಾಹ್ನ 2-40ರವರೆಗೆ ನಾನು ಅಲ್ಲಿಯ ಬೆಂಚಿನ ಮೇಲೆ ಕೂತಿದ್ದೆನು. ಮೂರು ಗಂಟೆಗೆ ಆಪರೇಷನ್ನು ಎಂಬ ಮಾತು ತಲೆಯಿಂದ ಹೋಗಲಿಲ್ಲ. ಗೋಡೆಯ ಗಡಿಯಾರ ನೋಡಿದಷ್ಟು ಸಲ ನನ್ನ ಯಜಮಾನರ ಕೊನೆಯ ದಿನವೂ ನೋಡಿರಲಿಲ್ಲ.

2-40ಕ್ಕೆ ಜೀಪು ಬಂತು. ಅದರಿಂದ ಶರಣಬಸಮ್ಮ ಇಳಿದಳು. ಜೋಳದ ಕೊಯ್ಲಿನಿಂದ ಎಬ್ಬಿಸಿಕೊಂಡು ಬಂದದ್ದರಿಂದ ತಲೆಯ ಮೇಲೆ ಜೋಳದ ಒಣ ಎಲೆಯ ರವದಿ ಇತ್ತು, ಕುಡಗೋಲು ಕೈಯಲ್ಲೇ ಇತ್ತು. ಅವಳ ಹೊಟ್ಟೆಯಲ್ಲಿ ಯಾವ ನೋವೂ ಇರಲಿಲ್ಲ. ಶಾಲೆಯಿಂದ ಕರೆಸಿದ್ದ ಮಹಾನಂದಾ ಓಡಿಹೋಗಿ ತಾಯಿಯನ್ನು ತಬ್ಬಿಕೊಂಡಳು.

ಇಷ್ಟಾದರೂ ಸಾಬವ್ವ ಸೋಲಲಿಲ್ಲ. ದವಾಖಾನೆಯ ಮಾತು ಸುಳ್ಳು, ಹೌದು, ಅಕ್ಕೋರು ಬಿಡುವುದಿಲ್ಲವೆಂದು ಹೇಳಿದ್ದು. ಆದರೆ ಮದುವೆಗೆ ಶರಣಬಸಮ್ಮಳೇ ಒಪ್ಪಿ, ಬಿಲ್ಲೆ ಕೊಟ್ಟು, ಪದ ಹೇಳಿ ಕಳಿಸಿದ್ದಾಳೆ, ಈಗ ಪೊಲೀಸರನ್ನು ನೋಡಿ ಹೆದರಿ ಇಲ್ಲ ಎನ್ನುತ್ತಾಳೆ ಎಂದು ವಾದಿಸಿದಳು. "ಕದಿಯಾಕ ಬಿಲ್ಲಿ ಸಿಗತದ್ರೀ ಸಾಹೇಬ್ರ, ಪದಾ ಎಲ್ಲಿ ಸಿಗತದ? ಆಕೀ ಹೇಳದ ನನಗ ಹ್ಯಾಂಗ ಗೊತ್ತಾತು?" ಎಂದು ಕೇಳಿದಳು. ನನ್ನದೇ ನಿಯಮವನ್ನು ನನ್ನ ಮುಂದೆ ಹಿಡಿದಳು. ಸಾಹೇಬರು ಮೈಸೂರು ಕಡೆಯವರು, ಬಂದು ಐದು ತಿಂಗಳಾಗಿದೆ. ಇದು ಮನೆಯೊಳಗಿನ ಜಗಳದ ಹಾಗಿದೆ, ಎರಡೂ ಗುರುತು ತಾಯಿಯಿಂದಲೇ ಬಂದಂತೆ ಕಾಣುತ್ತದೆ ಎಂದರು. ಶರಣಬಸಮ್ಮನಿಗೆ, ನೀವು ಇವರಿಗೆ ಪದ ಹೇಳಿದಿರಾ ಎಂದು ಕೇಳಿದರು. ಇಲ್ಲ ಅಂದಳು. ಆ ಪದ ಯಾವುದು ಎಂದು ಕೇಳಿದರು. ಶರಣಬಸಮ್ಮ ನೆಲ ನೋಡಿದಳು. ನೋಡಿ, ಈಗಲೂ ಮುಚ್ಚಿಡುತ್ತಾರೆ ಎಂದು ಸಾಹೇಬರು ನನ್ನ ಕಡೆ ತಿರುಗಿದರು.

ಬಾಯಿಂದ ತಿಳಿಸಿ ಹೇಳುವುದಕ್ಕಿಂತ ತೋರಿಸುವುದು ಒಳ್ಳೆಯದೆಂದು, ಎಲ್ಲರಿಗೂ ಚಹಾ ತರಿಸಲು ಸಾಹೇಬರ ಅಪ್ಪಣೆ ಕೇಳಿದೆನು. ಅಜೀಜಾಬಿಯನ್ನು ಹೋಟೆಲಿಗೆ ಕಳಿಸಿ, ಏನು ಹಾಕಿಸಬಾರದು ಎಂದು ಕಿವಿಯಲ್ಲಿ ಹೇಳಿದೆನು. ಚಹಾ 3-35ಕ್ಕೆ ಬಂತು. ಸಾಹೇಬರು ಒಂದು ಗುಟುಕು ಕುಡಿದು ಮುಖ ಕಿವಿಚಿದರು. ಏನೂ ಅನ್ನಬೇಡಿ ಎಂದು ನಾನು ಕೈ ಮಾಡಿದೆನು. ನಂತರ ಚಹಾ ಹೇಗಿದೆ ಎಂದು ಸಾಬವ್ವಳನ್ನು ಕೇಳಿದೆನು. "ಸಕ್ರೀನ ಇಲ್ಲಲ್ರೀ ಇದರಾಗ" ಅಂದಳು. ಅದೇ ಪ್ರಶ್ನೆಯನ್ನು ಶರಣಬಸಮ್ಮನಿಗೆ ಕೇಳಿದೆನು. ಅವಳು ಚಹಾದ ಬಸಿಯನ್ನು ಕೆಳಗಿಟ್ಟು, ಮೆಲ್ಲಗೆ, "ಚಾ ಚಲೋ ಅದ್ರೀ, ಬಿಳೇ ಉಸುಕ ಹಾಕಿಲ್ರೀ" ಅಂದಳು.

ಇಬ್ಬರು ಪೇದೆಗಳು ನಕ್ಕರು, ಅವರು ಈ ಕಡೆಯವರು. ಸಾಹೇಬರು ಮಾತ್ರ ಚಹಾಕ್ಕೆ ಉಸುಕು ಯಾಕೆ ಹಾಕುತ್ತಾರೆ ಎಂದು ಕೇಳಿದರು. ಆಗ ಮಹಾನಂದಾ, ನವೆಂಬರ್‌ನಲ್ಲಿ ನನಗೆ ಹೇಳಿದ ಮಾತನ್ನೇ, "ಅದು ಅಪ್ಪನ ಹೆಸರ್ರೀ" ಎಂದು ಹೇಳಿದಳು. ನಾನು ನಿಲಯದಿಂದ ತಂದಿದ್ದ ಪುಸ್ತಕ ತೆಗೆದು ಕೆಂಪು ಮಸಿಯ ಸಾಲನ್ನು ತೋರಿಸಿದೆನು. ಈ ಹೆಂಗಸು ಹೆತ್ತ ತಾಯಿ ಸಾಯುವಾಗಲೂ ಮಗಳನ್ನು ಬಿಡಿಸಿಕೊಳ್ಳಲು ಆ ಎರಡಕ್ಷರ ನುಡಿಯಲಿಲ್ಲ, ಇಂದು ಮಗಳನ್ನು ಕೊಡುವುದಕ್ಕೆ ನುಡಿದಾಳೇ ಎಂದು ಕೇಳಿದೆನು. ಸಾಬವ್ವ ಬಂದು ಬಿಳೇ ಉಸುಕು ಎಂದು ತಪ್ಪು ಪದ ಹೇಳಿದ್ದರೆ ಹುಡುಗಿಯನ್ನು ಖಂಡಿತ ಕಳಿಸುತ್ತಿದ್ದೆನು. ಸರಿಯಾದ ಪದ ಹೇಳಿದ್ದರಿಂದ ಸಿಕ್ಕಿಬಿದ್ದಳು. ಸಾಹೇಬರು ಪುಸ್ತಕವನ್ನೂ ಶರಣಬಸಮ್ಮಳನ್ನೂ ನೋಡಿ, ತಮ್ಮ ಟೋಪಿ ತೆಗೆದು ಮೇಜಿನ ಮೇಲೆ ಇಟ್ಟರು.

ಆ ನಂತರ ಸಾಬವ್ವ ಎಲ್ಲವನ್ನೂ ಹೇಳಿದಳು. ಸಂಕ್ರಾಂತಿಯ ಮರುವಾರ ವಾಡಿಗೆ ಹೋಗಿ, ಮುಂದಿನ ಹಬ್ಬಕ್ಕೆ ಹುಡುಗಿಯನ್ನು ಕರೆತರಬೇಕಾಗಿದೆ, ನಿನ್ನ ಹೆಂಡತಿಯಂತೂ ಪದ ಹೇಳುವವಳಲ್ಲ ಎಂದು ತಮ್ಮನನ್ನು ಕೇಳಿದಳಂತೆ. ಅವನು ನಗುತ್ತ ಹೇಳಿಬಿಟ್ಟನಂತೆ. ಮದುವೆಯ ವಿಷಯ ಅವನಿಗೆ ಗೊತ್ತಿರಲಿಲ್ಲ. ಬಿಲ್ಲೆಯನ್ನು ಮೊನ್ನೆ ಸರಸಂಬಾದ ಮನೆಯಲ್ಲಿ, ಶರಣಬಸಮ್ಮ ಹೊಲಕ್ಕೆ ಹೋದಾಗ, ಗೋಡೆಯಲ್ಲಿನ ದೇವರ ಮಾಡದಿಂದ ತೆಗೆದುಕೊಂಡಳು. ಅಂಬಾರಾಯನ ಜೊತೆ ಮದುವೆಯನ್ನು ನಾಳೆ ಬೆಳಿಗ್ಗೆ ರಾಜ್ಯದ ಗಡಿಯ ಆಚೆ ಇಟ್ಟಿದ್ದರು. ಹೆಂಡತಿ ಪದ ಹೇಳುವವಳಲ್ಲ ಎಂದು ವಾಡಿಯಲ್ಲಿ ತಾನೇ ಅಂದವಳು, ನನ್ನ ಮೇಜಿನ ಮುಂದೆ ಅದನ್ನೇ ಮರೆತಳು. ಅಣ್ಣತಮ್ಮಂದಿರ ಮಕ್ಕಳನ್ನು ಸೋದರತ್ತೆ ಕೇಳುವುದು ಹೊಸದೇನಲ್ಲ, ಎಲ್ಲರೂ ಮಾಡುತ್ತಾರೆ ಎಂದಳು. ಎಲ್ಲರೂ ಮಾಡುವುದರಿಂದಲೇ ನನಗೆ ಎರಡು ಕೀಲಿ ಬೇಕಾಯಿತು ಎಂದು ಹೇಳಿದೆನು.

ಸಾಹೇಬರು ಮಹಾನಂದಾಳನ್ನು, ನಿನಗೆ ಈ ಮದುವೆ ಇಷ್ಟವೇ ಎಂದು ಕೇಳಿದರು. "ಒಲ್ಲೆರಿ. ನಾಳಿ ನಂದು ಗಣಿತ ಪರೀಕ್ಷಾ ಅದ, ನಾ ಇನ್ನ ಎರಡು ಪಾಠ ಓದೂದು ಉಳದದ್ರೀ" ಎಂದು ಹೇಳಿ, ಹೋಗಬಹುದೇ ಎಂದು ಕೇಳಿದಳು. ಅವಳನ್ನು ಅಜೀಜಾಬಿಯ ಜೊತೆ ನಿಲಯಕ್ಕೆ ಕಳಿಸಲಾಯಿತು. ಹೋಗುವಾಗ ಅತ್ತೆಯ ಕಡೆ ಒಮ್ಮೆ ನೋಡಿದಳು, ಸಿಟ್ಟಿಗಿಂತ ಅದು ಆಶ್ಚರ್ಯದ ನೋಟವಾಗಿತ್ತು.

ಸಂಜೆ 5-15ಕ್ಕೆ ಠಾಣೆಯ ಹೊರಗಿನ ಕಟ್ಟೆಯ ಮೇಲೆ ಶರಣಬಸಮ್ಮನ ಹತ್ತಿರ ಕೂತು, ನವೆಂಬರ್ ತಿಂಗಳಲ್ಲಿ ನಾನು ಮಾಡಿದ್ದು ತಪ್ಪಾಯಿತು ಎಂದು ಹೇಳಿದೆನು. ಮೂರು ತಿಂಗಳಿಂದ ಹೇಳಬೇಕೆಂದಿದ್ದ ಮಾತು. ಅವಳು ಕೂದಲಲ್ಲಿದ್ದ ರವದಿ ತೆಗೆಯುತ್ತ, "ಅವತ್ತ ನೀವು ಸುಮ್ಮನ ಬಿಟ್ಟಿದ್ರ, ಇವತ್ತೂ ಸುಮ್ಮನ ಬಿಡತಿದ್ರಿ ಅಲ್ರೀ" ಅಂದಳು. ಕೊನೆಯ ಎಲೆ ತೆಗೆದೆಸೆದು, "ಆದ್ರ ನಮ್ಮವ್ವ ಆ ರಾತ್ರಿ ಪೂರಾ ಬಾಗಲಾನ ನೋಡಕೋತ ಮಲಗಿದ್ಳರೀ" ಅಂದಳು. ಎರಡು ಮಾತೂ ನಿಜ.

31ನೇ ನಂಬರಿನ ಪದ ಈಗ ಠಾಣೆಯವರಿಗೆಲ್ಲ ಗೊತ್ತಾಗಿರುವುದರಿಂದ ಬದಲಾಯಿಸಬೇಕು ಎಂದು ತಿಳಿಸಿ, ಈ ಸಲ ಗಂಡನನ್ನಲ್ಲ, ಅವಳನ್ನೇ ಕೇಳಿದೆನು. ಬಾಯಿಗೆ ಸಲೀಸಾಗಿ ಬರುವ ಪದ ಹೇಳು, ಎಷ್ಟು ಸಲ ಬೇಕಾದರೂ ಅನ್ನಲು ಬರುವಂಥದ್ದು ಹೇಳು ಎಂದೆನು. ಶರಣಬಸಮ್ಮ ಬಹಳ ಯೋಚಿಸಲಿಲ್ಲ. ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಆ ಹೆಸರನ್ನು ನಾನು ಒಂದೇ ಸಲ, ಸರಸಂಬಾದಲ್ಲಿ, ಅಳುವವರ ಬಾಯಿಂದ ಕೇಳಿದ್ದೆನು. ಅದನ್ನು ಪುಸ್ತಕದಲ್ಲಿ ಬರೆದಿಲ್ಲ, ಬರೆಯುವ ಅಗತ್ಯವೂ ಇಲ್ಲ. ಇನ್ನು ಮುಂದೆ ಮಹಾನಂದಾಳನ್ನು ಒಯ್ಯಲು ಬಂದವರು ನನ್ನ ಮೇಜಿನ ಮುಂದೆ ಅವಳ ಅಜ್ಜಿಯನ್ನು ಹೆಸರು ಹಿಡಿದು ಕರೆದೇ ಹೋಗಬೇಕು. ಹೊಸ ಪದವನ್ನು ದಾಖಲೆಗಾಗಿ ತಿಳಿಸಿ ಎಂದು ಸಾಹೇಬರು ಕೇಳಿದರು. ಮೊದಲು ಬಿಲ್ಲೆ ತೋರಿಸಿ ಎಂದು ನಾನು ಹೇಳಿದ್ದರಿಂದ ಆ ವಿಷಯವನ್ನು ಬಿಟ್ಟುಕೊಟ್ಟರು.

ಸಾಬವ್ವ ಮತ್ತು ಅಂಬಾರಾಯ ಇವರ ಮೇಲೆ ಕಾನೂನಿನಂತೆ ಕ್ರಮ ಜರುಗಿಸಲು, ಹಾಗೂ 31ನೇ ಅರ್ಧ ಬಿಲ್ಲೆಯನ್ನು ಕೆಲಸ ಮುಗಿದ ಮೇಲೆ ಶರಣಬಸಮ್ಮನ ಕೈಗೇ ಕೊಡಲು ಕೋರುತ್ತೇನೆ. ಈ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ್ದನ್ನು ಕೇಳಿದ್ದೇನೆ. ನಾನು ಕಂಡದ್ದು, ಕೇಳಿದ್ದು, ತಪ್ಪು ಮಾಡಿದ್ದು ಎಲ್ಲವೂ ಇದರಲ್ಲಿ ಇದ್ದ ಹಾಗೆಯೇ ಇದೆ. ಓದುವಾಗ ಮೊದಲನೆಯ ಸಾಲಿನಲ್ಲಿದ್ದ ನನ್ನ ಯಜಮಾನರ ಹೆಸರನ್ನು ಜಮಾದಾರರು ಸರಿಯಾಗಿದೆಯೇ ಎಂದು ಎರಡು ಸಲ ಓದಿದರು. ಒಂಬತ್ತು ವರ್ಷದಿಂದ ನನ್ನ ಮುಂದೆ ಯಾರೂ ಅನ್ನದ ಹೆಸರು. ಮೊದಲನೆಯ ಸಲವೇ ಸರಿಯಾಗಿತ್ತು, ಆದರೂ ಇನ್ನೊಮ್ಮೆ ಓದಿಸಿದೆನು.

ಸ್ಥಳ: ಆಳಂದ
ದಿನಾಂಕ: 16-2-1988, ರಾತ್ರಿ 8-05 ಗಂಟೆ

(ಸಹಿ) ಸುಲಭಾ ಜೋಶಿ
ಲಗತ್ತು: ಗಂಡನ ಹೆಸರು ಬರೆದ ಚೀಟಿ, ಒಂದು